ಮೂರನೇ ಚಿತ್ರ

"ಇದೇನೇ ಇದು, ಬಸ್ಸು ನಿಲ್ಲಿಸ್ತಿದೀಯಾ?"

ಟೀಚರ್ ಹಾಗೆ ಕೇಳಿದ್ದೇ ತಡ, ತರಗತಿ ಗೊಳ್ಳೆಂದಿತು. ಕರಿಹಲಗೆಯ ಮುಂದೆ ಹಾಸಿದ್ದ ಚಾಪೆಯ ಮೇಲೆ ಮಂಡಿಯೂರಿದ್ದ ಹುಡುಗಿ ಎಡಗೈಯೊಂದನ್ನೇ ಭುಜದ ಮಟ್ಟಕ್ಕೆ ಎತ್ತಿ, ಅಂಗೈಯನ್ನು ಮೇಲ್ಮುಖ ಮಾಡಿ ಹಿಡಿದಿದ್ದಳು. ಬಲಗೈ ಪಕ್ಕದಲ್ಲಿ ಜೋತುಬಿದ್ದಿತ್ತು. ಕಣ್ಣು ಮುಚ್ಚಿದ್ದಳು. ನಗು ಕೇಳಿ ಕಣ್ಣು ಬಿಟ್ಟಳು, ಎತ್ತಿದ ಕೈಯನ್ನು ಮಾತ್ರ ಇಳಿಸಲಿಲ್ಲ.

"ಚಾರ್ಟ್ ನೋಡು. ಮೂರನೇ ಚಿತ್ರ. ಎಷ್ಟು ಕೈ ಇದೆ?" ಟೀಚರ್ ಅಡಿಕೋಲಿನಿಂದ ಗೋಡೆಗೆ ಬಡಿದರು.

ಗೋಡೆಯ ಮೇಲೆ ಇಲಾಖೆಯವರು ಕಳಿಸಿದ ಹೊಸ ಚಾರ್ಟು ಇತ್ತು. ನಾಲ್ಕು ಚೌಕ, ನಾಲ್ಕು ಧರ್ಮ, ಪ್ರಾರ್ಥನೆ ಮಾಡುತ್ತಿರುವ ನಾಲ್ಕು ಜನ. ನಾಲ್ವರಿಗೂ ಒಬ್ಬನೇ ದರ್ಜಿ ಬಟ್ಟೆ ಹೊಲಿದಂತೆ ಕಾಣುತ್ತಿತ್ತು. ಮೂರನೇ ಚೌಕದಲ್ಲಿದ್ದವನು ಮಂಡಿಯೂರಿ ಎರಡೂ ಅಂಗೈಗಳನ್ನು ಆಕಾಶಕ್ಕೆ ಒಡ್ಡಿದ್ದ.

"ಎರಡು" ಎಂದಳು ಹುಡುಗಿ.

"ಮತ್ತೆ ನಿಂದು?"

"ನಮ್ಮಪ್ಪ ಹಿಂಗೇ ಮಾಡೋದು ಟೀಚರ್."

"ಹಂಗಾದ್ರೆ ನಿಮ್ಮಪ್ಪನ್ನೂ ಕರ್ಕೊಂಡು ಬಾ. ಕೊನೇ ಬೆಂಚಲ್ಲಿ ಕೂರಿಸಿ ಇಬ್ಬರಿಗೂ ಒಟ್ಟಿಗೇ ಪಾಠ ಮಾಡ್ತೀನಿ."

ಈ ಸಲದ ನಗು ಪಕ್ಕದ ಕೋಣೆಗೂ ಕೇಳಿಸಿತು. ಟೀಚರ್ ಕೂಡ ನಕ್ಕರು. ನಗುತ್ತಲೇ ಬಗ್ಗಿ, ಹುಡುಗಿಯ ಬಲಗೈ ಹಿಡಿದು ಎತ್ತಿ, ಮೊಣಕೈ ಮಡಿಸಿ, ಅಂಗೈ ತಿರುಗಿಸಿ, ಎಡಗೈಯ ಸಮಕ್ಕೆ ತಂದು ನಿಲ್ಲಿಸಿದರು. "ಹಾಂ, ಈಗ ಸರಿ. ಹಿಂಗೇ ಇರು." ಹುಡುಗಿ ಹಾಗೇ ಇದ್ದಳು. ಆಮೇಲೆ ಕಣ್ಣು ಮುಚ್ಚಲಿಲ್ಲ.

ಈ ಟೀಚರಿಗೆ ಶಾಲೆಯಲ್ಲಿ ಗುಡುಗು ಟೀಚರ್ ಎಂದು ಹೆಸರು. ಸಮಾಜ ಪಾಠ ಮಾಡುತ್ತಿದ್ದರು. ಬಾಯಿ ಜೋರು, ಮನಸ್ಸು ಒಳ್ಳೆಯದು ಎಂದು ಜನ ಹೇಳುತ್ತಿದ್ದರು. ಬಾಯಿ ಜೋರಾಗಿರುವ ಎಲ್ಲರ ಬಗ್ಗೆಯೂ ಜನ ಹೇಳುವುದು ಹಾಗೇ. ಆದರೆ ಒಂದು ವಿಷಯದಲ್ಲಿ ಅವರ ಬಾಯಿ ನಿಜಕ್ಕೂ ಕೆಲಸ ಮಾಡಿತ್ತು. ಹಿಂದೆ ಈ ಶಾಲೆಯಲ್ಲಿ ಬೆಳಗ್ಗೆ ಎಲ್ಲ ಮಕ್ಕಳಿಂದಲೂ ಒಂದೇ ಧರ್ಮದ ಪ್ರಾರ್ಥನೆ ಹೇಳಿಸುತ್ತಿದ್ದರು. ಹೆಚ್ಚಿನ ಮಕ್ಕಳು ಆ ಧರ್ಮದವರೇ, ಟೀಚರ್ ಕೂಡ ಆ ಧರ್ಮದವರೇ. ಹಾಗಿದ್ದೂ ಅವರು ಹೆಡ್ ಮಾಸ್ಟರ ಮೇಜು ಗುದ್ದಿದ್ದರು. "ಇದು ಸರ್ಕಾರಿ ಸ್ಕೂಲು ಸಾರ್, ನಿಮ್ಮನೆ ಜಗಲಿ ಅಲ್ಲ. ಇಲ್ಲಿ ಪ್ರಾರ್ಥನೆ ಬೇಡ, ಪ್ರಾರ್ಥನೆ ಬಗ್ಗೆ ಪಾಠ ಇರಲಿ." ಜಗಳ ಇಲಾಖೆಯವರೆಗೂ ಹೋಗಿ, ಪ್ರಾರ್ಥನೆ ನಿಂತಿತು. ಅದರ ಹೆಮ್ಮೆ ಟೀಚರಿಗೆ ಇನ್ನೂ ಆರಿರಲಿಲ್ಲ.

ಈಗ ಪಾಠವೇ ಬಂದಿತ್ತು. ಅದನ್ನು ಮಾಡಿ ತೋರಿಸಲು ಇಡೀ ವಲಯದಲ್ಲಿ ಆರಿಸಿದ್ದು ಇವರ ಶಾಲೆಯನ್ನು. ಇನ್‌ಸ್ಪೆಕ್ಟರ್ ಸಾಹೇಬರು ಬರುವವರಿದ್ದರು, ಮಕ್ಕಳ ತಂದೆತಾಯಿಗಳನ್ನೂ ಕರೆದಿದ್ದರು. ಚಾರ್ಟಿನ ನಾಲ್ಕು ಚಿತ್ರಗಳನ್ನು ನಾಲ್ಕು ಮಕ್ಕಳು ಮಾಡಿ ತೋರಿಸಬೇಕು, ಉಳಿದವರು ಪ್ರಶ್ನೆ ಕೇಳಬೇಕು. ಮೂರು ಮಕ್ಕಳನ್ನು ಟೀಚರ್ ಎತ್ತರ ನೋಡಿ, ಧ್ವನಿ ನೋಡಿ ಆರಿಸಿದರು. ಮೂರನೇ ಚಿತ್ರಕ್ಕೆ ಆರಿಸುವ ಗೋಜೇ ಇರಲಿಲ್ಲ. ಆ ಧರ್ಮದ ಮನೆಯ ಹುಡುಗಿ ತರಗತಿಯಲ್ಲಿ ಇದ್ದವಳೇ ಒಬ್ಬಳು. ಈ ವರ್ಷ ಹೊಸದಾಗಿ ಸೇರಿದವಳು, ಕ್ರಾಪು ಕತ್ತರಿಸಿದ ಕೂದಲು, ಕೇಳಿದ್ದಕ್ಕಷ್ಟೇ ಉತ್ತರ. ಅಸಲಿ ಇರುವಾಗ ನಕಲಿ ಯಾಕೆ ಎಂದುಕೊಂಡರು ಟೀಚರ್.

ಬಿಡುವಿನಲ್ಲಿ ಡ್ರಿಲ್ ಮೇಷ್ಟ್ರು ಚಹಾ ಲೋಟ ಹಿಡಿದುಕೊಂಡು ಬಂದರು. "ಏನಮ್ಮಾ, ದೇವರುಗಳ ಕವಾಯತು ಎಲ್ಲಿಗೆ ಬಂತು?"

"ನಿಮ್ಮ ಕವಾಯತಿಗಿಂತ ವಾಸಿ. ನಮ್ಮ ಮಕ್ಕಳಿಗೆ ಎಡ ಯಾವುದು, ಬಲ ಯಾವುದು ಗೊತ್ತು."

"ಒಬ್ಬಳಿಗೆ ಬಲಗೈ ಇರೋದೇ ಗೊತ್ತಿರಲಿಲ್ವಂತೆ?"

ಟೀಚರ್ ಬಸ್ಸಿನ ಮಾತನ್ನು ಇನ್ನೊಮ್ಮೆ ಹೇಳಿದರು. ಡ್ರಿಲ್ ಮೇಷ್ಟ್ರು ಚಹಾ ಚೆಲ್ಲಿಕೊಂಡು ನಕ್ಕರು. ಹೆಡ್ ಮಾಸ್ಟರು ಮಾತ್ರ ತಲೆ ಕೆರೆದುಕೊಂಡು, "ಅಲ್ಲಮ್ಮಾ, ಮಕ್ಕಳ ಕೈಲಿ ಮಾಡಿಸ್ತಾ ಇದೀರಿ. ತೊಂದರೆ ಆಗಲ್ಲ ತಾನೆ?" ಎಂದರು.

"ಅಭಿನಯ ಸಾರ್. ಯಾರೂ ನಿಜವಾಗಿ ಪ್ರಾರ್ಥನೆ ಮಾಡ್ತಿಲ್ಲ."

ಸಂಜೆ ಗೇಟಿನ ಹತ್ತಿರ ಹುಡುಗರಿಬ್ಬರು ಆ ಹುಡುಗಿಯನ್ನು ನೋಡಿ ಒಂದು ಕೈ ಎತ್ತಿದರು. "ಏಯ್ ಮೂರನೇ ಚಿತ್ರ, ಬಸ್ಸು ಬಂತು ನೋಡೇ!" ಟೀಚರ್ ಅವರನ್ನು ಗದರಿಸಿ ಓಡಿಸಿದರು. ತಮ್ಮದೇ ಮಾತು ಅವರ ಬಾಯಲ್ಲಿತ್ತು ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ.

ಸಾಹೇಬರು ಬರುವ ಹಿಂದಿನ ದಿನ ಟೀಚರ್ ಲಾಂಡ್ರಿಗೆ ಹೋದರು. ಒಳ್ಳೆಯ ಬಟ್ಟೆಯನ್ನು ತೊಳೆದು ಇಸ್ತ್ರಿ ಮಾಡಲು ಕೊಟ್ಟಿದ್ದರು. ಬಸ್ ನಿಲ್ದಾಣದ ಎದುರಿನ ಸಣ್ಣ ಅಂಗಡಿ, ಒಳಗೆ ಸದಾ ಬಿಸಿ ಹಬೆ, ಸೋಪಿನ ವಾಸನೆ. ಲಾಂಡ್ರಿಯವನು ಹಳೆಯ ಪರಿಚಯ. ಬಟ್ಟೆ ಹಿಂಡುವ ಯಂತ್ರಕ್ಕೆ ಯಾವತ್ತೋ ಸಿಕ್ಕಿ ಅವನ ಬಲಗೈ ಸತ್ತಂತಾಗಿತ್ತು. ಆ ಕೈಯನ್ನು ಕೋಟಿನ ಜೇಬಿನಲ್ಲಿ ತುರುಕಿಕೊಂಡೇ ಇರುತ್ತಿದ್ದ. ಎಡಗೈಯಲ್ಲಿ ಪೊಟ್ಟಣ ಮಡಿಸಿ, ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಹಾಕುತ್ತಿದ್ದ. ಎರಡು ಕೈ ಇದ್ದವರಿಗೂ ಅಂಥ ಗಂಟು ಬರುತ್ತಿರಲಿಲ್ಲ.

ಅವರು ಹೋದಾಗ ಷಟರನ್ನು ಅರ್ಧಕ್ಕೆ ಇಳಿಸುತ್ತಿದ್ದ.

"ಏನಪ್ಪಾ, ನಾನು ಬರೋ ಹೊತ್ತಿಗೇ ಬಾಗಿಲು ಹಾಕ್ತೀಯಲ್ಲ?"

"ಅಯ್ಯೋ ಬನ್ನಿ ಟೀಚರಮ್ಮ, ಹಾಕ್ತಿಲ್ಲ. ಪ್ರಾರ್ಥನೆ ಹೊತ್ತು, ಅದಕ್ಕೆ ಅರ್ಧ. ಪೂರ್ತಿ ಎಳೆದ್ರೆ ಗಿರಾಕಿಗಳು ಇವನು ಸತ್ತ ಅಂತ ಪಕ್ಕದ ಬೀದಿಗೆ ಹೋಗ್ಬಿಡ್ತಾರೆ." ನಕ್ಕು, ಒಳಗಿದ್ದ ಸ್ಟೂಲನ್ನು ಕಾಲಿನಿಂದ ಮುಂದೆ ತಳ್ಳಿದ. "ಬಗ್ಗಿ ಒಳಗೆ ಬನ್ನಿ. ಕೂತಿರಿ. ಈಗ ಬಂದೆ."

ಕೂತರು. ಅಂಗಡಿಯ ಹಿಂಭಾಗದಲ್ಲಿ, ನೇತುಹಾಕಿದ ಅಂಗಿಗಳ ಸಾಲಿನಾಚೆ, ಅವನು ಗೋಡೆಗೆ ಮುಖ ಮಾಡಿ ಮಂಡಿಯೂರಿದ. ಜೇಬಿನಿಂದ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹೊರಗೆ ತೆಗೆದು ಪಕ್ಕಕ್ಕೆ ಬಿಟ್ಟ. ಆಮೇಲೆ ಎಡಗೈಯನ್ನು ಭುಜದ ಮಟ್ಟಕ್ಕೆ ಎತ್ತಿ, ಅಂಗೈ ಮೇಲೆ ಮಾಡಿದ. ಒಳಗಿನಿಂದ ಒಂದು ಪುಟ್ಟ ಹುಡುಗಿ ಓಡಿ ಬಂದು ಅವನ ಹಿಂದೆ ಮಂಡಿಯೂರಿ, ಎಡಗೈ ಎತ್ತಿತು. ಅದರ ಬಲಗೈ ಪಕ್ಕದಲ್ಲಿ ಜೋತುಬಿದ್ದಿತ್ತು, ಥೇಟ್ ಅಪ್ಪನ ಕೈಯ ಹಾಗೆ. ಅದರ ಪಕ್ಕಕ್ಕೆ ಇನ್ನೊಬ್ಬಳು ಬಂದಳು. ಕ್ರಾಪು ಕೂದಲು.

ಟೀಚರಿಗೆ ಮೊದಲು ಕೂದಲೇ ಕಂಡಿತು. ಎರಡು ಮಕ್ಕಳದ್ದೂ ಒಂದೇ ಥರ ಗಿಡ್ಡಕ್ಕೆ ಕತ್ತರಿಸಿದ ಕೂದಲು. ಒಂದು ಕೈಯಲ್ಲಿ ಜಡೆ ಹೆಣೆಯಲು ಬರುವುದಿಲ್ಲ. ಈ ಮಕ್ಕಳ ತಾಯಿ ತೀರಿಹೋಗಿದ್ದನ್ನು ಯಾವಾಗಲೋ ಅವನು ಹೇಳಿದ್ದ, ಪೊಟ್ಟಣ ಕಟ್ಟುತ್ತಾ. ಇವರು ಕೇಳಿಸಿಕೊಂಡು, ಪೊಟ್ಟಣ ತೆಗೆದುಕೊಂಡು ಬಂದುಬಿಟ್ಟಿದ್ದರು.

ದೊಡ್ಡವಳು ಎಡಗೈ ಎತ್ತಿದಳು. ಎತ್ತುವಾಗ ಅಂಗಿಗಳ ಸಂದಿಯಿಂದ ಅವಳ ಕಣ್ಣು ಸ್ಟೂಲಿನ ಮೇಲೆ ಬಿತ್ತು. ತಟ್ಟನೆ ಬಲಗೈಯನ್ನೂ ಎತ್ತಿದಳು. ಮೊಣಕೈ ಮಡಿಸಿ, ಅಂಗೈ ತಿರುಗಿಸಿ, ಎಡಗೈಯ ಸಮಕ್ಕೆ ನಿಲ್ಲಿಸಿದಳು. ಚಿಕ್ಕದು ಅಕ್ಕನ ಕೈಯನ್ನು ಬೆರಗಿನಿಂದ ನೋಡಿತು, ಆಮೇಲೆ ಅಪ್ಪನ ಬೆನ್ನನ್ನು ನೋಡಿತು. ಯಾರ ಹಾಗೆ ಮಾಡಬೇಕು ಎಂದು ತಿಳಿಯದೆ ಬಲಗೈಯನ್ನು ಅರ್ಧ ಎತ್ತಿ ಅಲ್ಲೇ ಇಟ್ಟುಕೊಂಡಿತು. ಅವನು ಗೋಡೆಯ ಕಡೆಗಿದ್ದ. ಅವನಿಗೆ ಏನೂ ಕಾಣಲಿಲ್ಲ.

ಟೀಚರಿಗೆ ಕಿವಿ ಬಿಸಿಯಾಯಿತು. ಹಬೆಯಿಂದ ಇರಬೇಕು ಎಂದುಕೊಂಡು ಎದ್ದು ಷಟರಿನ ಹತ್ತಿರ ಹೋಗಿ ನಿಂತರು. ಹೊರಗಿನ ಗಾಳಿಯಲ್ಲೂ ಬಿಸಿ ಇಳಿಯಲಿಲ್ಲ.

ಪ್ರಾರ್ಥನೆ ಮುಗಿಸಿ ಅವನು ಬಂದ. ಪೊಟ್ಟಣ ಕಟ್ಟುತ್ತಾ, ದಾರ ಹಲ್ಲಲ್ಲಿದ್ದ ಹಾಗೇ, "ನಾಳೆ ನಾನೂ ಬರ್ತೀನಿ ಟೀಚರಮ್ಮ" ಎಂದ.

"ಎಲ್ಲಿಗೆ?"

"ನಿಮ್ಮ ಸ್ಕೂಲಿಗೆ. ನಮ್ಮ ದೊಡ್ಡೋಳು ನಿಮ್ಮ ಕ್ಲಾಸಲ್ಲೇ ಅಂತೆ ಇರೋದು, ಮೊನ್ನೆ ಗೊತ್ತಾಯ್ತು. 'ನಿಮ್ಮಪ್ಪನ್ನ ಕರ್ಕೊಂಡು ಬಾ, ಕೊನೇ ಬೆಂಚಲ್ಲಿ ಕೂತು ಪಾಠ ಕೇಳಲಿ' ಅಂದ್ರಂತಲ್ಲ ನೀವು? ಮಗಳು ಹೇಳಿದಳು." ಗಂಟು ಬಿಗಿದು ಬಾಯಿಂದ ದಾರ ಬಿಟ್ಟ. "ನಾನು ಸ್ಕೂಲಿನ ಮೆಟ್ಟಿಲು ಹತ್ತಿದೋನಲ್ಲ. ನನ್ನಂಥೋನನ್ನ ಕರೀಬೇಕು ಅಂತ ನಿಮಗೆ ಅನ್ನಿಸ್ತಲ್ಲ, ಅದೇ ದೊಡ್ಡದು."

ಹುಡುಗಿ ಅಂಗಿಗಳ ಹಿಂದೆ ನಿಂತಿದ್ದಳು. ಅವಳು ಮನೆಯಲ್ಲಿ ಮಾತನ್ನು ಹೇಗೆ ಮಡಿಸಿ ಕೊಟ್ಟಿದ್ದಳು ಎಂಬುದು ಟೀಚರಿಗೆ ಅರ್ಥವಾಯಿತು. ನಗುವನ್ನು ಕಳಚಿ ಬರೀ ಆಹ್ವಾನವನ್ನು ಅಪ್ಪನ ಕೈಗೆ ಇಟ್ಟಿದ್ದಳು. ಟೀಚರ್ ಬಾಯಿ ತೆರೆದರು. ಗುಡುಗು ಎಂದು ಹೆಸರಿದ್ದ ಬಾಯಿಯಿಂದ "ಬಾಪ್ಪಾ, ಬಾ" ಎಂಬುದಷ್ಟೇ ಹೊರಟಿತು.

ಮನೆಯಲ್ಲಿ ಊಟ ಸೇರಲಿಲ್ಲ. ತಟ್ಟೆ ತಳ್ಳಿದ್ದನ್ನು ನೋಡಿ ಅಮ್ಮ ಬಿಡಲಿಲ್ಲ, ಕೆದಕಿ ಕೆದಕಿ ಕೇಳಿ ಎಲ್ಲವನ್ನೂ ಹೊರಗೆ ತೆಗೆದರು.

"ಬೆಳಗ್ಗೆ ಆ ಮಗೂನ ಕರೆದು ನಿಮ್ಮನೇಲಿ ಮಾಡೋ ಹಾಗೇ ಮಾಡು ಅಂತ ಹೇಳು. ಅಷ್ಟೇ ಸಾಕು."

"ಅಷ್ಟೇ ಹೆಂಗೆ ಸಾಕಾಗುತ್ತಮ್ಮಾ? ಇಡೀ ಕ್ಲಾಸಿನ ಮುಂದೆ ಅಂದಿದೀನಿ. ಇಡೀ ಕ್ಲಾಸಿನ ಮುಂದೇನೇ ತಪ್ಪಾಯ್ತು ಅನ್ಬೇಕು."

"ಬೇಡ ಕಣೇ. ನೀನು ಬೆಂಕಿ ಆರಿಸೋಕೆ ಹೋದ್ರೂ ಕೈಲಿ ತುಪ್ಪದ ಗಿಂಡಿನೇ ಇರುತ್ತೆ. ಚಿಕ್ಕಂದಿನಿಂದ ನೋಡ್ತಿದೀನಿ."

ಬೆಳಗ್ಗೆ ಗೇಟು ತೆಗೆಯುವ ಮೊದಲೇ ಟೀಚರ್ ಶಾಲೆಯಲ್ಲಿದ್ದರು. ಹುಡುಗಿ ಬಂದೊಡನೆ ನಲ್ಲಿಯ ಹತ್ತಿರ ಕರೆದರು.

"ಇವತ್ತು ನಿಮ್ಮನೇಲಿ ಮಾಡೋ ಹಾಗೇ ಮಾಡು. ಒಂದೇ ಕೈ."

ಹುಡುಗಿ ತಲೆಯಾಡಿಸಿದಳು. "ಬೇಡ ಟೀಚರ್. ಚಾರ್ಟಲ್ಲಿರೋ ಹಾಗೇ ಮಾಡ್ತೀನಿ."

"ಯಾಕೆ?"

"ನಗ್ತಾರೆ."

"ಯಾರು ನಗ್ತಾರೆ? ನಾನಿಲ್ವಾ ಅಲ್ಲಿ?"

ಹುಡುಗಿ ಟೀಚರ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ನೆಲ ನೋಡಿದಳು. ಆ ನೋಟ ಟೀಚರಿಗೆ ಕೆನ್ನೆಗೆ ಬಾರಿಸಿದಂತಾಯಿತು. ನಾಚಿಕೆಯಾದಾಗ ಸಿಟ್ಟು ಬರುವುದು ಅವರ ಹಳೆಯ ಕಾಯಿಲೆ. "ಹೇಳಿದಷ್ಟು ಮಾಡೇ!" ಎಂದು ಗದರಿದರು. ಹುಡುಗಿ ಬೆಚ್ಚಿ ಓಡಿಹೋದಳು. ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಟೀಚರ್ ಅದನ್ನು ಬಿಗಿಯಾಗಿ ತಿರುಗಿಸಿದರು.

ಸಾಹೇಬರು ಬಂದರು. ಒಳ್ಳೆಯ ಮನುಷ್ಯ, ನಗುಮುಖ, ಮಕ್ಕಳ ಬೆನ್ನು ತಟ್ಟಿಯೇ ಮಾತಾಡುವವರು. ತಂದೆತಾಯಿಗಳು ಗೋಡೆಯ ಪಕ್ಕ ಕುರ್ಚಿಗಳಲ್ಲಿ ಕೂತರು. ಲಾಂಡ್ರಿಯವನಿಗೂ ಕುರ್ಚಿ ತೋರಿಸಿದರು. ಅವನು ಒಪ್ಪಲಿಲ್ಲ. "ಟೀಚರಮ್ಮ ನನಗೆ ಜಾಗ ಹೇಳಿದಾರೆ" ಎಂದು ಕೊನೆಯ ಬೆಂಚಿಗೆ ಹೋಗಿ, ಮಕ್ಕಳ ಪಕ್ಕ ಮೊಣಕಾಲು ಮುದುರಿಕೊಂಡು ಕೂತ. ತೊಳೆದ ಕೋಟು, ಬಲಗೈ ಜೇಬಿನಲ್ಲಿ. ನೋಡಿದವರು ಧಿಮಾಕಿನಿಂದ ಕೂತಿದ್ದಾನೆ ಎಂದುಕೊಳ್ಳಬೇಕು, ಹಾಗೆ.

ಪಾಠ ಚೆನ್ನಾಗಿಯೇ ಹೋಯಿತು. ಮೊದಲನೇ ಚಿತ್ರ ಆಯಿತು, ಎರಡನೆಯದಾಯಿತು. ಮಕ್ಕಳು ಕಲಿಸಿದ ಪ್ರಶ್ನೆ ಕೇಳಿದರು, ಕಲಿಸದ ಪ್ರಶ್ನೆಯನ್ನೂ ಒಂದೆರಡು ಕೇಳಿದರು. ಮೂರನೆಯ ಸರದಿಗೆ ಹುಡುಗಿ ಬಂದು ಚಾಪೆಯ ಮೇಲೆ ಮಂಡಿಯೂರಿದಳು. ಹುಡುಗಿ ಎಡಗೈ ಎತ್ತಿದಳು. ಒಂದು ಕ್ಷಣ ಅಷ್ಟೇ ಇತ್ತು. ನಡುವಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಬಲಗೈಯೂ ಮೇಲಕ್ಕೆ ಹೋಯಿತು. ಎರಡೂ ಅಂಗೈ ಸಮಸಮ, ಚಾರ್ಟಿನಲ್ಲಿದ್ದ ಹಾಗೆಯೇ.

"ಶಭಾಷ್! ಚಾರ್ಟಿನಿಂದ ಎದ್ದು ಬಂದ ಹಾಗಿದೆ!" ಸಾಹೇಬರು ಚಪ್ಪಾಳೆ ತಟ್ಟಿದರು. ಕೋಣೆಯೆಲ್ಲ ತಟ್ಟಿತು.

ಟೀಚರ್ ಕೊನೆಯ ಬೆಂಚಿನ ಕಡೆ ನೋಡಿದರು. ಅವನು ಮಗಳ ಬಲಗೈಯನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಏನೋ ಹುಡುಕಿ ಸಿಗದವನ ಗೊಂದಲವಿತ್ತು. ಆಮೇಲೆ ಎಲ್ಲರೂ ತಟ್ಟುತ್ತಿರುವುದು ಗಮನಕ್ಕೆ ಬಂದು, ಅವನೂ ನಗುತ್ತಾ ಎಡಗೈಯಿಂದ ತನ್ನ ತೊಡೆಯನ್ನು ತಟ್ಟತೊಡಗಿದ.

ಅದನ್ನು ನೋಡಿ ಟೀಚರಿಗೆ ತಡೆಯಲಾಗಲಿಲ್ಲ.

"ಸಾರ್, ನಿಲ್ಲಿಸಿ! ಅದು ಸರಿ ಅಲ್ಲ."

ಚಪ್ಪಾಳೆ ನಿಂತಿತು. ಹೆಡ್ ಮಾಸ್ಟರು ಕಣ್ಣಲ್ಲೇ ಬೇಡ ಎಂದರು. ಆದರೆ ಬಾಯಿ ಬಿಟ್ಟಾಗಿತ್ತು.

"ಅವಳ ಮನೇಲಿ ಹಿಂಗೆ ಮಾಡಲ್ಲ ಸಾರ್. ಒಂದೇ ಕೈ ಎತ್ತೋದು. ಅವಳಪ್ಪನ ಬಲಗೈ ಮಷೀನಿಗೆ ಸಿಕ್ಕಿ ಹೋಗಿದೆ, ಎತ್ತೋಕಾಗಲ್ಲ. ಅಪ್ಪ ಮಾಡೋದನ್ನೇ ಮಕ್ಕಳು ಕಲ್ತಿದಾವೆ. ಅದನ್ನ ನಾನು ತಪ್ಪು ಅಂದೆ. ಬಸ್ಸು ನಿಲ್ಲಿಸ್ತೀಯಾ ಅಂತ ನಗಾಡಿದೆ. ನಿಮ್ಮಪ್ಪಂಗೂ ಪಾಠ ಮಾಡ್ತೀನಿ ಅಂದೆ, ಗೇಲಿಗೆ. ಅವರು ನಿಜ ಅಂತ ಬಂದು ಕೂತಿದಾರೆ. ಅಲ್ಲಿ, ನೋಡಿ, ಕೊನೇ ಬೆಂಚಲ್ಲಿ."

ಬೆರಳು ತೋರಿಸಿಯೂ ಆಗಿತ್ತು.

ಕೋಣೆಯ ತಲೆಗಳೆಲ್ಲ ತಿರುಗಿದವು. ಕುರ್ಚಿಯಲ್ಲಿದ್ದ ತಾಯಂದಿರು ಮುಂದಕ್ಕೆ ಬಗ್ಗಿ ಅವನ ಕೋಟಿನ ಜೇಬು ನೋಡಿದರು. ಅವನ ಪಕ್ಕ ಕೂತಿದ್ದ ಹುಡುಗ ಅರ್ಧ ಅಡಿ ಸರಿದು ಕೂತು ನೋಡಿದ. ಲಾಂಡ್ರಿಯವನ ಮುಖದ ಮೇಲಿನ ನಗು ಇಳಿಯಲೂ ಇಲ್ಲ, ಉಳಿಯಲೂ ಇಲ್ಲ. ಹೆಸರು ಕೂಗಿಸಿಕೊಂಡ ವಿದ್ಯಾರ್ಥಿಯಂತೆ ಅವನು ಎದ್ದು ನಿಂತ.

"ಓಹೋ, ಹೌದೇನಪ್ಪಾ?" ಸಾಹೇಬರ ದನಿ ಕರಗಿ ನೀರಾಗಿತ್ತು. "ಎಂಥ ಮಾತು! ಮಕ್ಕಳೇ, ಇದು ಚಾರ್ಟಿನಲ್ಲಿ ಸಿಗೋ ಪಾಠ ಅಲ್ಲ. ನೀವು ಮುಂದೆ ಬನ್ನಿ. ನೀವು ಹೇಗೆ ಮಾಡ್ತೀರಿ ಅಂತ ಒಂದ್ಸಲ ತೋರಿಸಿ, ಮಕ್ಕಳೆಲ್ಲ ನೋಡಲಿ."

ಅವನು ಮುಂದೆ ಬರಲಿಲ್ಲ. ಟೀಚರನ್ನು ನೋಡಿದ. ಅಂಗಡಿಯಲ್ಲಿ ಬಟ್ಟೆಯ ಕಲೆ ಹೋಗಲಿಲ್ಲ ಎಂದು ಗಿರಾಕಿಗೆ ಹೇಳಬೇಕಾದಾಗ ನೋಡುತ್ತಾನಲ್ಲ, ಹಾಗೆ.

"ಈಗ ಹೊತ್ತಲ್ಲ ಸಾರ್" ಎಂದ. "ಹೊತ್ತಲ್ಲದ ಹೊತ್ತಲ್ಲಿ ಮಾಡಲ್ಲ ನಾವು." ಕೋಟು ಸರಿಪಡಿಸಿಕೊಂಡು, "ಅಂಗಡೀಲಿ ಚಿಕ್ಕೋಳು ಒಬ್ಬಳೇ ಇದಾಳೆ. ಬರ್ತೀನಿ ಟೀಚರಮ್ಮ" ಎಂದು ಬೆಂಚಿನ ಸಂದಿಯಿಂದ ಬಿಡಿಸಿಕೊಂಡು ಹೊರಟ. ಬಾಗಿಲ ಹತ್ತಿರ ಬಲಗೈಯನ್ನು ಜೇಬಿನಲ್ಲಿ ಇನ್ನಷ್ಟು ಒಳಕ್ಕೆ ಒತ್ತಿಕೊಂಡ.

ಚಾಪೆಯ ಮೇಲೆ ಹುಡುಗಿ ಇನ್ನೂ ಎರಡೂ ಕೈ ಎತ್ತಿಕೊಂಡೇ ಇದ್ದಳು. ಯಾರೂ ಇಳಿಸು ಎಂದಿರಲಿಲ್ಲ. ಟೀಚರ್ ಬಗ್ಗಿ ಆ ಕೈಗಳನ್ನು ಹಿಡಿದು ಇಳಿಸಲು ಹೋದರು. ಹುಡುಗಿ ತಾನೇ ಇಳಿಸಿಕೊಂಡು ಎದ್ದು ತನ್ನ ಜಾಗಕ್ಕೆ ಹೋದಳು.

ಸಾಹೇಬರು ಹೋಗುವಾಗ ಹೆಡ್ ಮಾಸ್ಟರ ಕೈ ಕುಲುಕಿದರು. ಇಂಥ ಪಾಠ ತಾನು ನೋಡಿಯೇ ಇಲ್ಲ, ಟೀಚರ ದೊಡ್ಡ ಮನಸ್ಸನ್ನು ಮೇಲಿನವರಿಗೆ ತಿಳಿಸುತ್ತೇನೆ ಎಂದರು. "ಕೊನೆಯಲ್ಲಿ ಹೃದಯ ತುಂಬಿ ಬಂತು" ಎಂದರು. ಡ್ರಿಲ್ ಮೇಷ್ಟ್ರು ಚಹಾ ತಂದು ಕೊಟ್ಟು, "ಗೆದ್ರಿ ಬಿಡಮ್ಮಾ" ಎಂದರು. ಟೀಚರ್ ಲೋಟವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಎಲ್ಲರೂ ಹೋದ ಮೇಲೆ ಕುರ್ಚಿ ಹತ್ತಿ ಚಾರ್ಟನ್ನು ಕಿತ್ತರು. ಅದಕ್ಕೆ ಹಾಕಿದ ಅಂಟು ಗಟ್ಟಿಯಿತ್ತು. ನಾಲ್ಕರಲ್ಲಿ ಮೂರು ಚಿತ್ರ ಬಂದವು, ಒಂದು ಗೋಡೆಗೇ ಅಂಟಿಕೊಂಡಿತು.

ಹುಡುಗಿ ಶಾಲೆಗೆ ಬರುವುದನ್ನು ಬಿಡಲಿಲ್ಲ. ಬಸ್ಸಿನ ಗೇಲಿ ನಿಂತಿತು. ಈಗ ಮಕ್ಕಳು ಅವಳಿಗೆ ದಾರಿ ಬಿಡುತ್ತಿದ್ದರು, ಪೆನ್ಸಿಲು ಬಿದ್ದರೆ ಓಡಿಬಂದು ಎತ್ತಿಕೊಡುತ್ತಿದ್ದರು, ಅವಳಿಗೇ ಕೈ ಇಲ್ಲವೇನೋ ಎಂಬಂತೆ. ಅವಳು ಥ್ಯಾಂಕ್ಸ್ ಹೇಳಿ ಕಿಟಕಿಯ ಕಡೆ ತಿರುಗುತ್ತಿದ್ದಳು.

ಕೆಲವು ದಿನ ಕಳೆದ ಮೇಲೆ, ಒಂದು ಸಂಜೆ, ಟೀಚರ್ ತೊಳೆಯುವ ಅಗತ್ಯವೇ ಇಲ್ಲದ ಬಟ್ಟೆಗಳ ಗಂಟು ಕಟ್ಟಿಕೊಂಡು ಲಾಂಡ್ರಿಗೆ ಹೋದರು. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದರು. ಬಸ್ ನಿಲ್ದಾಣ ದಾಟಿ ನೋಡಿದರೆ ಷಟರು ನೆಲದವರೆಗೂ ಇಳಿದಿತ್ತು.

ಪಕ್ಕದಲ್ಲಿ ಬೀಗ ರಿಪೇರಿ ಮಾಡುವವನು ತಲೆ ಎತ್ತದೆ ಹೇಳಿದ. "ಒಳಗೇ ಇದಾರಕ್ಕಾ. ಈಗೀಗ ಈ ಹೊತ್ತಿಗೆ ಪೂರ್ತಿ ಎಳ್ಕೊಂಡ್ಬಿಡ್ತಾರೆ. ಗಿರಾಕಿಗಳು ಬೇಜಾರು ಮಾಡ್ಕೊಂಡು ಹೋಗ್ತಾರೆ, ಅಂದ್ರೂ ಕೇಳಲ್ಲ. ತಟ್ಟಿ, ತೆಗೀತಾರೆ."

ಟೀಚರ್ ಗಂಟನ್ನು ಕಂಕುಳಿಗೆ ಸರಿಸಿ ತಟ್ಟಲು ಕೈ ಎತ್ತಿದರು. ಒಳಗೆ ಅಪ್ಪನ ಮೆಲುದನಿ, ಅದರ ಬೆನ್ನಿಗೇ ಎರಡು ಎಳೆಯ ದನಿ ಕೇಳಿದವು. ಷಟರು ನೆಲ ಮುಟ್ಟುವಲ್ಲಿ ಒಂದು ಗೆರೆ ಬೆಳಕಿತ್ತು. ಎತ್ತಿದ ಕೈ ತಗಡಿಗೆ ಇನ್ನೂ ತಾಗಿರಲಿಲ್ಲ.

ಬೀಗದವನು ತಲೆ ಎತ್ತಿ ನೋಡಿದ. "ತಟ್ಟಿ ಅಕ್ಕಾ" ಎಂದ.

"ಇರಲಿ" ಎಂದರು ಟೀಚರ್, ಅವನಿಗೂ ಕೇಳಿಸದಷ್ಟು ಮೆಲ್ಲಗೆ. ಕೈ ಇಳಿಸಿ, ಗಂಟನ್ನು ಎದೆಗೆ ಅವುಚಿಕೊಂಡು, ಷಟರಿನ ಪಕ್ಕದ ಗೋಡೆಗೆ ಒರಗಿ ನಿಂತರು.